ಮಾಳಮಡ್ಡಿಯ ಪಗಾರದ ಮನೆಗಳು

ಧಾರವಾಡ ರೈಲು ನಿಲ್ದಾಣದಿಂದ ಹೊರಬಿದ್ದು ಮಾಳಮಡ್ಡಿಯ ಓಣಿಗಳತ್ತ ಹೊರಳಿದರೆ ಹಳೆಯ ಹಂಚಿನ ಮನೆಗಳ ಮಗ್ಗುಲಲ್ಲೇ ಎರಡಂತಸ್ತಿನ, ಮೂರಂತಸ್ತಿನ ತಾರಸಿ ಮನೆಗಳು ಎದ್ದು ನಿಂತಿವೆ. ಇವುಗಳಲ್ಲಿ ಬಹಳಷ್ಟನ್ನು ಕಟ್ಟಿಸಿದವರು ವ್ಯಾಪಾರಸ್ಥರಲ್ಲ, ದೊಡ್ಡ ಜಮೀನುದಾರರೂ ಅಲ್ಲ. ರೈಲ್ವೆ ಗುಮಾಸ್ತರು, ಸಾಲಿ ಮಾಸ್ತರರು, ಅಂಚೆ ಕಚೇರಿಯವರು, ವಿಮಾ ನಿಗಮದ ಸಹಾಯಕರು, ಬ್ಯಾಂಕಿನ ಕ್ಯಾಶಿಯರುಗಳು. ಒಂದನೇ ತಾರೀಖಿನ ಪಗಾರ ನಂಬಿ ಬದುಕಿದ ಮಂದಿ. ಅವರ ಅಜ್ಜಂದಿರ ಕಾಲದಲ್ಲಿ ಬಾಡಿಗೆಯ ಎರಡು ಖೋಲಿಯಲ್ಲಿ ಎಂಟು ಜನ ಮಲಗುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೆ ಸ್ವಂತ ಮನೆ, ನಿವೃತ್ತಿ ವೇತನ, ಬ್ಯಾಂಕಿನಲ್ಲಿ ಠೇವಣಿ, ಹಲವರಿಗೆ ಒಂದಿಷ್ಟು ಷೇರು.

ಇದು ಹೇಗಾಯಿತೆಂದು ಕೇಳಿದರೆ ಹಿರಿಯರು ಕೊಡುವ ಉತ್ತರ ಒಂದೇ: ‘ಹೊಟ್ಟಿ ಬಟ್ಟಿ ಕಟ್ಟಿ ಉಳಿಸಿದ್ವಿ’. ಆ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಹಾಲಿನ ಲೆಕ್ಕ, ಕಿರಾಣಿ ಲೆಕ್ಕ, ಮಕ್ಕಳ ಫೀ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಟ್ಟ ತಾಯಂದಿರ ಶಿಸ್ತು ಸಣ್ಣದಲ್ಲ. ಆದರೆ ಹೊಟ್ಟೆ ಬಟ್ಟೆ ಕಟ್ಟುವುದನ್ನು ಎಲ್ಲ ಬಡವರೂ ಮಾಡುತ್ತಾರೆ. ಹತ್ತಿ ಬಿಡಿಸುವ ಕೂಲಿಯವಳು ಮಾಳಮಡ್ಡಿಯ ಗೃಹಿಣಿಗಿಂತ ಹೆಚ್ಚು ಬಿಗಿಯಾಗಿ ಸಂಸಾರ ನಡೆಸುತ್ತಾಳೆ, ಆದರೂ ಅವಳ ಮನೆಗೆ ತಾರಸಿ ಬರುವುದಿಲ್ಲ. ಉಳಿತಾಯಕ್ಕೆ ಕಾಲೂರಲು ನೆಲ ಬೇಕು. ಇಲ್ಲಿ ಆ ನೆಲ ಸಿದ್ಧವಾದದ್ದು ಶಾಲೆಯಿಂದ, ಸಂಘಟನೆಯಿಂದ, ಷೇರಿನಿಂದ. ಅದೂ ಇದೇ ಅನುಕ್ರಮದಲ್ಲಿ. ಈಗಿನ ಕಾಲದಲ್ಲಿ ಷೇರನ್ನು ಮೊದಲಿಗೆ ಇಟ್ಟು ಉಳಿದೆರಡನ್ನು ಬಿಟ್ಟುಬಿಡುವ ಸಲಹೆಗಳೇ ಎಲ್ಲೆಡೆ ಕೇಳುತ್ತಿರುವುದರಿಂದ ಈ ಅನುಕ್ರಮವನ್ನು ಬಿಡಿಸಿ ಹೇಳಬೇಕೆನಿಸಿತು.

ವಾರಾನ್ನದ ಬಂಡವಾಳ

1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಕೇಂದ್ರ ಕಚೇರಿಯನ್ನು ಧಾರವಾಡದಲ್ಲಿಟ್ಟಿತು, ಕಾರ್ಯಾಗಾರವನ್ನು ಹುಬ್ಬಳ್ಳಿಯಲ್ಲಿ ತೆರೆಯಿತು. ಕಚೇರಿ ಬಂದಲ್ಲಿಗೆ ಗುಮಾಸ್ತರು ಬಂದರು. ಮೋಡಿ ಅಕ್ಷರದ ಲೆಕ್ಕ ಬಲ್ಲವರು, ನಾಲ್ಕಕ್ಷರ ಇಂಗ್ಲಿಷ್ ಕಲಿತವರು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿಕೊಂಡಾಗ ಕೇಂದ್ರ ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ಖಾಲಿ ಉಳಿದ ಆ ಭವ್ಯ ಕಟ್ಟಡ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನದಾಯಿತು. ಕಂಪನಿ ಬಿಟ್ಟುಹೋದ ಕಟ್ಟಡದಲ್ಲಿ ಗುಮಾಸ್ತರ ಮಕ್ಕಳು ಬಿ.ಎ. ಓದಿದರು. ಅಲ್ಲಿಯವರೆಗೆ ಪದವಿ ಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಅಷ್ಟು ದೂರ ಕಳಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು?

ಓದಲು ಬಂದ ಹುಡುಗರೆಲ್ಲ ಧಾರವಾಡದವರೇ ಆಗಿರಲಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಸೀಮೆಯ ಹಳ್ಳಿಗಳಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಬರುತ್ತಿದ್ದರು. ಅವರಿಗೆ ದುಡ್ಡಿಗಿಂತ ಮೊದಲು ಬೇಕಾದದ್ದು ಎರಡು ಹೊತ್ತಿನ ಊಟ. ಮಾಳಮಡ್ಡಿಯ ಹೆಸರು ವಾರಾನ್ನದ ಜೊತೆ ಸೇರಿಕೊಂಡದ್ದು ಹೀಗೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡವನು ಭಾಗ್ಯವಂತ, ಐದೇ ಸಿಕ್ಕವನು ಉಳಿದೆರಡು ದಿನ ಮಠದ ಪಂಕ್ತಿಗೋ ನೀರಿಗೋ. ಊಟ ಹಾಕಿದ ಮನೆಗಳೂ ಉಳ್ಳವರ ಮನೆಗಳೇನಲ್ಲ. ನಾಲ್ಕು ಮಕ್ಕಳ ಜೊತೆಗೆ ಐದನೆಯ ತಟ್ಟೆ ಹಾಕಿ, ಸಾರಿಗೆ ಒಂದು ತಂಬಿಗೆ ನೀರು ಹೆಚ್ಚಿಗೆ ಸುರಿದ ತಾಯಂದಿರು ಅಲ್ಲಿದ್ದರು. ಆ ತಟ್ಟೆಗೆ ಯಾರೂ ಬೆಲೆ ಕಟ್ಟಲಿಲ್ಲ, ಯಾವ ಬ್ಯಾಂಕೂ ಅದನ್ನು ಸಾಲವೆಂದು ಬರೆದುಕೊಳ್ಳಲಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಮಾಳಮಡ್ಡಿಯ ಮೊದಲ ಬಂಡವಾಳ ಅದೇ. ಆ ಊಟ ಉಂಡ ಹುಡುಗ ಮ್ಯಾಟ್ರಿಕ್ ಮುಗಿಸಿದ, ನೌಕರಿ ಹಿಡಿದ, ತಮ್ಮಂದಿರನ್ನು ಕರೆಸಿಕೊಂಡ, ಇನ್ನೊಬ್ಬ ಹುಡುಗನಿಗೆ ಗುರುವಾರದ ಊಟ ಹಾಕಿದ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಈ ಅನ್ನ ಬ್ರಾಹ್ಮಣ ಹುಡುಗರಿಗೆ ಮಾತ್ರ ಸಿಗುತ್ತಿತ್ತು. ಏಣಿಯ ಮೊದಲ ಮೆಟ್ಟಿಲಿಗೇ ಜಾತಿಯ ಕಾವಲಿತ್ತು. ಹೊರಗೆ ಉಳಿದವರು ತಮ್ಮ ಮೆಟ್ಟಿಲುಗಳನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಮೃತ್ಯುಂಜಯ ಸ್ವಾಮಿಗಳ ಕಾಲದಲ್ಲಿ ಮುರುಘಾಮಠದ ಉಚಿತ ಪ್ರಸಾದ ನಿಲಯ ಹಳ್ಳಿಯ ಲಿಂಗಾಯತ ಹುಡುಗರ ಪೀಳಿಗೆಗಳನ್ನೇ ಓದಿಸಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಗೆ ಬುನಾದಿ ಹಾಕಿದ ಏಳು ಜನರನ್ನು ಇಂದು ಸಪ್ತರ್ಷಿಗಳೆನ್ನುತ್ತೇವೆ. ಪಗಾರ ಎಣಿಸಿ ಬದುಕಬೇಕಾದ ಶಿಕ್ಷಕ ವೃತ್ತಿಯವರು ತಮ್ಮ ಜೀವಮಾನದ ದುಡಿಮೆಯನ್ನೇ ಸಂಸ್ಥೆಗೆ ಸುರಿದರು. 1928ರಲ್ಲಿ ಡಾ. ಅಂಬೇಡ್ಕರ್ ಹುಟ್ಟುಹಾಕಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಮುಂಬಯಿ ಪ್ರಾಂತದಲ್ಲಿ ತೆರೆಸಿದ ಕೆಲವೇ ವಸತಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಪುಣೆ, ನಾಸಿಕ, ಠಾಣೆಗಳ ಸಾಲಿನಲ್ಲಿ ನಮ್ಮೂರಿನ ಹೆಸರು ಇರುವುದನ್ನು ಧಾರವಾಡದವರೇ ಹೆಚ್ಚಾಗಿ ನೆನೆಯುವುದಿಲ್ಲ. ನೆನೆಯಬೇಕು. ಏಕೆಂದರೆ ಮಠದ ನಿಲಯದ ಹುಡುಗನಿಗೆ ಸಂಬಂಧಿಕರ ಮನೆಯ ಜಗಲಿಯಿತ್ತು, ಅಂಬೇಡ್ಕರರ ನಿಲಯದ ಹುಡುಗನಿಗೆ ಬಾಡಿಗೆಗೆ ಖೋಲಿಯೂ ಸಿಗುತ್ತಿರಲಿಲ್ಲ. ಇಬ್ಬರೂ ಒಂದೇ ಪರೀಕ್ಷೆ ಬರೆದರೂ ಹೊರಟ ಜಾಗ ಒಂದೇ ಆಗಿರಲಿಲ್ಲ.

ಹೆಣ್ಣುಮಕ್ಕಳ ಸರದಿ ಇನ್ನೂ ತಡವಾಗಿ ಬಂತು. ಬಂದಾಗ ಮನೆಯ ಲೆಕ್ಕವೇ ಬದಲಾಯಿತು. ಟ್ರೇನಿಂಗ್ ಕಾಲೇಜು ಮುಗಿಸಿದ ಹುಡುಗಿ ಸಾಲಿ ಬಾಯಿಯಾದಳು, ಟೈಪಿಂಗ್ ಕಲಿತವಳು ದೂರವಾಣಿ ಇಲಾಖೆಗೋ ವಿಮಾ ನಿಗಮಕ್ಕೋ ಸೇರಿದಳು. ಒಂದು ಮನೆಗೆ ಎರಡು ಪಗಾರ ಬಂದಾಗಲೇ ಜಾಗ ಕೊಳ್ಳುವ ಮಾತು ಬಾಯಿಗೆ ಬಂದದ್ದು.

ಸೊಸಾಯಿಟಿಯ ಶೇರು

ಮುಂಬಯಿ ಷೇರುಪೇಟೆಯ ಹೆಸರು ಕೇಳುವ ಎಷ್ಟೋ ಮೊದಲೇ ಮಾಳಮಡ್ಡಿಯ ಮನೆಗಳಲ್ಲಿ ಶೇರು ಇತ್ತು. ಅದು ನೌಕರರ ಪತ್ತಿನ ಸಹಕಾರ ಸಂಘದ ಶೇರು. ನೌಕರಿಗೆ ಸೇರಿದ ಹೊಸದರಲ್ಲೇ ಹಿರಿಯ ಸಹೋದ್ಯೋಗಿ ಫಾರಂ ಹಿಡಿದು ಬರುತ್ತಿದ್ದ. ಪ್ರತಿ ತಿಂಗಳ ಪಗಾರದಲ್ಲೇ ಕಡಿತ. ಕೂಡಿದ ಶೇರಿಗೆ ತಕ್ಕಂತೆ ಸಾಲದ ಮಿತಿ, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ಲಾಭಾಂಶ. ಮುಂಜಿವೆ, ಮದುವೆ, ಬಾಣಂತನ, ಮಗನ ಇಂಜಿನಿಯರಿಂಗ್ ಫೀ ಎಲ್ಲಕ್ಕೂ ಈ ಸಾಲ. ಖಾಸಗಿ ಬಡ್ಡಿಯವನ ಮನೆಯ ಹೊಸ್ತಿಲು ತುಳಿಯದೆ ಒಂದು ಪೀಳಿಗೆ ಬದುಕಿತೆಂದರೆ ಅದು ಸೊಸಾಯಿಟಿಯ ಪುಣ್ಯ.

ಈ ವ್ಯವಸ್ಥೆ ಧಾರವಾಡ ಸೀಮೆಗೆ ಹೊರಗಿನಿಂದ ತಂದು ಹೇರಿದ್ದಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕ್ ಬಂತು. ಸಹಕಾರ ಸಂಘದ ನಿಯಮದಲ್ಲಿ ನನಗೆ ತುಂಬ ಹಿಡಿಸುವುದು ಒಂದು: ಹತ್ತು ಶೇರಿನವನಿಗೂ ಸಾವಿರ ಶೇರಿನವನಿಗೂ ಒಂದೇ ಮತ. ಕಂಪನಿಯಲ್ಲಿ ಹಣಕ್ಕೆ ಮತ, ಸೊಸಾಯಿಟಿಯಲ್ಲಿ ಮನುಷ್ಯನಿಗೆ ಮತ. ಜವಾನನೊಬ್ಬ ಸಭೆಯಲ್ಲಿ ಎದ್ದು ನಿಂತು ಮೇಲಧಿಕಾರಿಯಾದ ಅಧ್ಯಕ್ಷರಿಗೆ ‘ಸಾಹೇಬ್ರ, ಈ ಖರ್ಚು ಯಾಕ ಬಂತು?’ ಎಂದು ಕೇಳಬಹುದಾದ ಜಾಗ ಬೇರೆಲ್ಲಿತ್ತು? ಎಲ್ಲ ಸಂಘಗಳೂ ಹೀಗೆ ನೆಟ್ಟಗೆ ನಡೆದವೆಂದಲ್ಲ. ಲೆಕ್ಕ ಕೇಳುವವರು ಸುಮ್ಮನಾದ ಕಡೆ ಠೇವಣಿದಾರರು ಅತ್ತಿದ್ದಾರೆ.

ಹೆಂಗಸರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಓಣಿಯ ಹತ್ತು-ಹನ್ನೆರಡು ಜನ ಸೇರಿ ನಡೆಸುವ ಭಿಶಿ ಎಂಬ ಚೀಟಿ, ಮತ್ತು ದಿನಾ ಸಂಜೆ ಬಾಗಿಲಿಗೆ ಬರುವ ಪಿಗ್ಮಿಯವರು. ಪಿಗ್ಮಿಯ ಕತೆ ಉಡುಪಿಯದು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಒಯ್ಯುವ ಯೋಜನೆ ತಂದಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ತರಕಾರಿಯವಳೂ ಇದರಿಂದ ಖಾತೆದಾರಳಾದಳು.

ಓಣಿ ಓಣಿ ಸುತ್ತಿ ಆ ನಾಣ್ಯ ಒಟ್ಟು ಮಾಡಿದವನ ಪಾಡೇನು? ಬ್ಯಾಂಕುಗಳು ಅವನನ್ನು ಏಜೆಂಟ್ ಎಂದು ಕರೆದವು, ನೌಕರನೆಂದು ಒಪ್ಪಲಿಲ್ಲ. ಕಮಿಷನ್ ಬಿಟ್ಟರೆ ಬೇರೇನಿಲ್ಲ, ಜ್ವರ ಬಂದ ದಿನ ಸಂಪಾದನೆಯೂ ಇಲ್ಲ. ಠೇವಣಿ ಸಂಗ್ರಾಹಕರು ಸಂಘ ಕಟ್ಟಿ ನ್ಯಾಯಮಂಡಳಿಗೆ ಹೋದರು. 1988ರಲ್ಲಿ ತೀರ್ಪು ಅವರ ಕಡೆಗಾಯಿತು. ಬ್ಯಾಂಕುಗಳು ಮೇಲಿನ ಕೋರ್ಟುಗಳಿಗೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು, ಇವರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಮಿಕರೇ ಹೌದು ಎಂದಿತು. ಕಾಯಂ ನೌಕರಿ ಸಿಗಲಿಲ್ಲ. ಆದರೆ ತಿಂಗಳಿಗೊಂದು ಕನಿಷ್ಠ ಮೊತ್ತದ ಭರವಸೆ, ಗ್ರಾಚ್ಯುಟಿ ಸಿಕ್ಕವು. ಇಡೀ ಊರಿನ ಉಳಿತಾಯವನ್ನು ಹೆಗಲ ಚೀಲದಲ್ಲಿ ಹೊತ್ತವನು ತನ್ನ ಮುಪ್ಪಿಗೆ ಒಂದು ಗಂಟು ಕಟ್ಟಿಕೊಳ್ಳಲು ಸುಪ್ರೀಂ ಕೋರ್ಟಿನ ತನಕ ನಡೆಯಬೇಕಾಯಿತು.

ಸಂಘವೇ ಕಟ್ಟಿದ ಪಗಾರ

ಸಂಘಟನೆಯೆಂದರೆ ಬಾವುಟ, ಘೋಷಣೆ, ಬಂದ್ ಎಂದು ತಿಳಿದಿರುವ ಇಂದಿನ ಹುಡುಗರಿಗೆ ಒಂದು ಸಂಗತಿ ಹೇಳಬೇಕು. ನಿಮ್ಮ ಅಜ್ಜನ ಪಿಂಚಣಿ, ತುಟ್ಟಿಭತ್ಯೆ, ದಸರಾಕ್ಕೆ ಬರುವ ಬೋನಸ್ಸು ಯಾವುದೂ ಮೇಲಿನವರ ಔದಾರ್ಯದಿಂದ ಬಂದದ್ದಲ್ಲ.

1974ರ ಮೇ 8ರಂದು ದೇಶದ ರೈಲುಗಳು ನಿಂತವು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದ ಆ ಮುಷ್ಕರ ಇಪ್ಪತ್ತು ದಿನ ನಡೆಯಿತು. ಬೋನಸ್, ಎಂಟು ತಾಸಿನ ಕೆಲಸ, ಇತರ ಸರಕಾರಿ ಉದ್ದಿಮೆಗಳಿಗೆ ಸಮನಾದ ವೇತನ ಅದರ ಬೇಡಿಕೆಗಳಾಗಿದ್ದವು. ಸಾವಿರಾರು ಜನ ಜೈಲು ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು, ರೈಲ್ವೆ ವಸತಿಗೃಹಗಳಿಂದ ಸಂಸಾರಗಳನ್ನು ಹೊರಹಾಕಲಾಯಿತು. ಮುಷ್ಕರ ಏನನ್ನೂ ಗಳಿಸದೆ ಮುರಿದುಬಿತ್ತು. ಆದರೆ 1977ರಲ್ಲಿ ಜನತಾ ಸರಕಾರ ಬಂದಾಗ ವಜಾ ಆದವರು ಕೆಲಸಕ್ಕೆ ಮರಳಿದರು, 1979ರಲ್ಲಿ ರೈಲ್ವೆ ನೌಕರರಿಗೆ ಉತ್ಪಾದಕತೆ ಆಧಾರಿತ ಬೋನಸ್ ಬಂತು. ಈಚಿನ ವರ್ಷಗಳಲ್ಲಿ 78 ದಿನಗಳ ಪಗಾರದ ಲೆಕ್ಕದಲ್ಲಿ ದಸರೆಗೆ ಮುಂಚೆ ಘೋಷಣೆಯಾಗುವ ಬೋನಸ್ಸಿನ ಹಿಂದೆ ಆ ಇಪ್ಪತ್ತು ದಿನಗಳಿವೆ. ಹುಬ್ಬಳ್ಳಿಯ ಕಾರ್ಯಾಗಾರದವರಿಗೂ ಮಾಳಮಡ್ಡಿಯ ರೈಲ್ವೆ ಕುಟುಂಬಗಳಿಗೂ ವರ್ಷದಲ್ಲಿ ಒಮ್ಮೆ ಕೈಗೆ ಬರುವ ಇಡುಗಂಟು ಅದೊಂದೇ. ಬಂಗಾರ ಕೊಂಡವರು ಬಂಗಾರ, ಸೈಟಿನ ಕಂತು ಕಟ್ಟಿದವರು ಕಂತು.

ಬ್ಯಾಂಕಿನವರದು ಬೇರೆ ರೀತಿಯ ಹೋರಾಟ. 1946ರಲ್ಲಿ ಹುಟ್ಟಿದ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಇಪ್ಪತ್ತು ವರ್ಷ ನ್ಯಾಯಮಂಡಳಿ, ಆಯೋಗಗಳ ಬಾಗಿಲು ಬಡಿದು 1966ರಲ್ಲಿ ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿಸಿತು. ಅಂದಿನಿಂದ ಇಂದಿನವರೆಗೆ ವೇತನ ನಿರ್ಧಾರವಾಗುವುದು ಎದುರು ಬದುರು ಕೂತು ಮಾಡಿದ ಕರಾರಿನಿಂದ. 1993ರ ಒಪ್ಪಂದದಲ್ಲಿ ಪಿಂಚಣಿ ಬಂತು.

ಇವೆಲ್ಲಕ್ಕಿಂತ ಧಾರವಾಡಕ್ಕೆ ಹತ್ತಿರದ ಕತೆ ಗ್ರಾಮೀಣ ಬ್ಯಾಂಕಿನದು, ಅದನ್ನು ನಿಧಾನವಾಗಿಯೇ ಹೇಳುತ್ತೇನೆ. 1975ರಲ್ಲಿ ಕೇಂದ್ರ ಸರಕಾರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನು ಹುಟ್ಟುಹಾಕಿದಾಗ ಅದರ ಹಿಂದಿನ ಯೋಚನೆಗಳಲ್ಲಿ ಒಂದು, ಕಡಿಮೆ ಖರ್ಚಿನಲ್ಲಿ ಹಳ್ಳಿಗೆ ಬ್ಯಾಂಕು ಒಯ್ಯುವುದು. ಕಡಿಮೆ ಖರ್ಚೆಂದರೆ ಕಡಿಮೆ ಪಗಾರ. ವಾಣಿಜ್ಯ ಬ್ಯಾಂಕಿನ ವೇತನವಲ್ಲ, ರಾಜ್ಯ ಸರಕಾರಿ ನೌಕರರಿಗೆ ಸಮನಾದ ವೇತನ. 1976ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಧಾರವಾಡವನ್ನೇ ಕೇಂದ್ರ ಮಾಡಿಕೊಂಡು ಶುರುವಾಯಿತು. ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಎಷ್ಟೋ ಹುಡುಗರಿಗೆ ಅದೊಂದು ವರ. ಬಸ್ಸಿಲ್ಲದ ಹಳ್ಳಿಗಳ ಶಾಖೆಗಳಿಗೆ ಸೈಕಲ್ ತುಳಿದು ಹೋದರು. ಆದರೆ ಪ್ರಾಯೋಜಕ ಬ್ಯಾಂಕಿನ ಗುಮಾಸ್ತನಿಗೂ ಇವರಿಗೂ ಕೆಲಸ ಒಂದೇ, ಲೆಡ್ಜರ್ ಒಂದೇ, ಬಡ್ಡಿಯ ಲೆಕ್ಕ ಒಂದೇ, ಪಗಾರ ಮಾತ್ರ ಬೇರೆ.

ದೇಶದ ಎಲ್ಲ ಗ್ರಾಮೀಣ ಬ್ಯಾಂಕುಗಳ ನೌಕರರು ಒಂದಾಗಿ ಸಮಾನ ಕೆಲಸಕ್ಕೆ ಸಮಾನ ವೇತನ ಕೇಳಿದರು. ನ್ಯಾಯಮೂರ್ತಿ ಓಬುಳ ರೆಡ್ಡಿ ಅವರ ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿ 1990ರಲ್ಲಿ ಅವರ ವಾದವನ್ನು ಒಪ್ಪಿ, 1987ರ ಸೆಪ್ಟೆಂಬರ್ 1ರಿಂದಲೇ ಅನ್ವಯವಾಗುವಂತೆ ವಾಣಿಜ್ಯ ಬ್ಯಾಂಕಿನ ವೇತನ ಕೊಡಬೇಕೆಂದಿತು. ಬಾಕಿ ಹಣ ಕೈಗೆ ಬಂದಾಗ ಎಷ್ಟೋ ಮನೆಗಳ ಪಾಯ ತೋಡಲಾಯಿತು. ಆದರೆ ಮುಂದಿನ ವೇತನ ಪರಿಷ್ಕರಣೆಯ ಹೊತ್ತಿಗೆ ಮತ್ತೆ ತಕರಾರು. 2001ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಮಾನತೆಯನ್ನು ಒಂದು ಸಲ ಕೊಟ್ಟು ಬಿಡುವಂತಿಲ್ಲ, ಮುಂದುವರಿಸಬೇಕು ಎಂದು ಹೇಳಬೇಕಾಯಿತು. ಉಳಿದದ್ದು ಪಿಂಚಣಿ. ಅಷ್ಟರಲ್ಲಿ 2005ರಲ್ಲಿ ಮಲಪ್ರಭಾ, ವಿಜಾಪುರ, ವರದಾ, ನೇತ್ರಾವತಿ ಬ್ಯಾಂಕುಗಳು ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆದವು, ಕೇಂದ್ರ ಕಚೇರಿ ಧಾರವಾಡದಲ್ಲೇ ಉಳಿಯಿತು. ಸೈಕಲ್ ತುಳಿದ ಹುಡುಗರು ನಿವೃತ್ತರಾಗತೊಡಗಿದರು. ಮೂವತ್ತು-ಮೂವತ್ತೈದು ವರ್ಷ ದುಡಿದವರಿಗೆ ಭವಿಷ್ಯನಿಧಿಯ ಗಂಟಿನ ಹೊರತು, ತಿಂಗಳಿಗೆ ಕೆಲವೇ ಸಾವಿರದ ಇಪಿಎಸ್ ಪಿಂಚಣಿ. ರಾಜಸ್ಥಾನ ಮತ್ತು ಕರ್ನಾಟಕ ಹೈಕೋರ್ಟುಗಳಲ್ಲಿ ಗೆದ್ದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್ 25ರಂದು ಅಲ್ಲಿಯೂ ನೌಕರರೇ ಗೆದ್ದರು.

ಆಮೇಲೂ ಮನೆಗಳಲ್ಲಿ ಒಂದು ಕಠಿಣ ತೀರ್ಮಾನ ಕಾದಿತ್ತು. ಪಿಂಚಣಿ ಬೇಕಾದವರು ಭವಿಷ್ಯನಿಧಿಯಲ್ಲಿ ಬಂದಿದ್ದ ಬ್ಯಾಂಕಿನ ಪಾಲನ್ನು ಬಡ್ಡಿ ಸಮೇತ ಮರಳಿಸಬೇಕು. ಆ ಹಣ ಮಗಳ ಮದುವೆಗೆ ಹೋಗಿತ್ತು, ಸ್ಲ್ಯಾಬಿಗೆ ಹೋಗಿತ್ತು. ಒಡವೆ ಅಡವಿಟ್ಟು, ಠೇವಣಿ ಮುರಿದು, ಮಕ್ಕಳಿಂದ ಕೈಗಡ ತಂದು ಕಟ್ಟಿದವರಿದ್ದಾರೆ. ಲೆಕ್ಕ ಬಲ್ಲವರು, ಆದ್ದರಿಂದ ಕಟ್ಟಿದರು: ಬದುಕಿರುವ ತನಕ ತಿಂಗಳಾ ಬರುವ ಹಣ, ಕಣ್ಮುಚ್ಚಿದ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಇದಕ್ಕೆ ಸಮನಾದ ಷೇರು ಯಾವ ಪೇಟೆಯಲ್ಲಿಯೂ ಮಾರಾಟಕ್ಕಿಲ್ಲ. 1975ರಿಂದ 2018ರವರೆಗಿನ ಈ ದಾರಿಯಲ್ಲಿ ಒಬ್ಬ ನೌಕರನೂ ಒಬ್ಬಂಟಿಯಾಗಿ ಏನನ್ನೂ ಗೆದ್ದದ್ದಿಲ್ಲ. ವರ್ಷಕ್ಕೊಮ್ಮೆ ಕೊಟ್ಟ ಸಂಘದ ಚಂದಾ ಹಣಕ್ಕೆ ಸಿಕ್ಕ ಪ್ರತಿಫಲವನ್ನು ಬಡ್ಡಿಯ ದರದಲ್ಲಿ ಹೇಳಹೊರಟರೆ ನಂಬುವುದು ಕಷ್ಟ. 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಧಾರವಾಡ ಒಂದು ಕೇಂದ್ರ ಕಚೇರಿಯನ್ನು ಮತ್ತೊಮ್ಮೆ ಕಳೆದುಕೊಂಡಿತು.

ಸಂಘಟನೆ ನೇರವಾಗಿ ಮಾಲೀಕತ್ವವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮಾರ್ಗದರ್ಶನದಲ್ಲಿ ಕೆಲಸಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ತಾವೇ ನಡೆಸಿದರು. ಅಂಥ ಮೊದಲ ಸಂಘ ನೋಂದಣಿಯಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕಾಫಿ ತಂದು ಕೊಡುವವನೇ ಅಂಗಡಿಯ ಪಾಲುದಾರ.

ಕಂಪನಿಯ ಷೇರು ಬಂದಾಗ

ಪಗಾರ ಗಟ್ಟಿಯಾದ ಮೇಲೆಯೇ ಮಾಳಮಡ್ಡಿಗೆ ಕಂಪನಿ ಷೇರು ಬಂದದ್ದು. ಅದೂ ಹಿಂಬಾಗಿಲಿನಿಂದ, 1964ರ ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆಯ ಮೂಲಕ. ಸರಕಾರದ್ದೇ ಎಂಬ ನಂಬಿಕೆಯಿಂದ ಪಿಂಚಣಿದಾರರು ಅದರಲ್ಲಿ ಹಣ ತೊಡಗಿಸಿದರು. ಅದರೊಳಗೆ ಷೇರುಗಳಿವೆ ಎಂಬುದು ಹಲವರ ಗಮನಕ್ಕೆ ಬಂದದ್ದು 2001ರ ಜುಲೈಯಲ್ಲಿ, ಟ್ರಸ್ಟು ಯೂನಿಟ್ಟುಗಳ ಮರುಖರೀದಿಯನ್ನೇ ಆರು ತಿಂಗಳು ನಿಲ್ಲಿಸಿದಾಗ.

ಬ್ಯಾಂಕುಗಳು ಷೇರು ಮಾರಲು ಬಂದಾಗ ನೌಕರರಿಗೂ ಪಾಲು ಮೀಸಲಿಟ್ಟವು. ಸಿಂಡಿಕೇಟ್ ಬ್ಯಾಂಕ್ 1999ರಲ್ಲಿ 10 ರೂಪಾಯಿಗೆ, ಕೆನರಾ ಬ್ಯಾಂಕ್ 2002ರಲ್ಲಿ 35 ರೂಪಾಯಿಗೆ. ತಾವು ದುಡಿಯುವ ಬ್ಯಾಂಕಿನ ಒಳಗುಟ್ಟು ಬಲ್ಲ ಗುಮಾಸ್ತರು ಧೈರ್ಯದಿಂದ ಕೊಂಡರು. ವಿಮಾ ನಿಗಮದ ಕತೆ ಹಾಗಲ್ಲ. 1956ರ ರಾಷ್ಟ್ರೀಕರಣಕ್ಕೆ ಮೊದಲಿನಿಂದಲೂ ದನಿಯೆತ್ತಿದ್ದ ಅಖಿಲ ಭಾರತ ವಿಮಾ ನೌಕರರ ಸಂಘ 2022ರಲ್ಲಿ ಎಲ್ಐಸಿ ಷೇರು ಮಾರಾಟವನ್ನು ವಿರೋಧಿಸಿತು. ವಿಭಾಗೀಯ ಕಚೇರಿ ಇರುವ ಧಾರವಾಡದ ವಿಮಾ ನೌಕರರ ಮುಂದೆ ಎರಡು ಕಾಗದಗಳಿದ್ದವು: ಸಂಘದ ವಿರೋಧದ ಕರಪತ್ರ ಮತ್ತು 45 ರೂಪಾಯಿ ರಿಯಾಯಿತಿಯ ಷೇರಿನ ಅರ್ಜಿ. 949 ರೂಪಾಯಿಗೆ ಮಾರಿದ ಷೇರು ಪೇಟೆಯ ಮೊದಲ ದಿನವೇ ಅದಕ್ಕಿಂತ ಕೆಳಗಿಳಿಯಿತು.

ಷೇರಿನಿಂದ ಸಾಮಾನ್ಯರು ಶ್ರೀಮಂತರಾದ ಕನ್ನಡನಾಡಿನ ದೊಡ್ಡ ಉದಾಹರಣೆ ಇನ್ಫೋಸಿಸ್. ಅದರ ಬೇರಿನ ಎರಡು ಎಳೆ ನಮ್ಮ ಅವಳಿ ನಗರದಲ್ಲಿವೆ. ಸಂಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಹುಡುಗನಾಗಿದ್ದಾಗ ಧಾರವಾಡದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದರು. 1981ರಲ್ಲಿ ಕಂಪನಿಗೆ ಮೊದಲ ಬಂಡವಾಳವಾಗಿ ಬಂದ 10,000 ರೂಪಾಯಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಟೆಲ್ಕೊ ಸೇರಿದ್ದ ಸುಧಾ ಮೂರ್ತಿಯವರ ಉಳಿತಾಯ. ಓದು, ಓದಿನಿಂದ ನೌಕರಿ, ನೌಕರಿಯ ಉಳಿತಾಯ, ಆಮೇಲೆ ಷೇರು. ಅಲ್ಲಿಯೂ ಅದೇ ಅನುಕ್ರಮ.

1993ರಲ್ಲಿ ಇನ್ಫೋಸಿಸ್ ಷೇರನ್ನು 95 ರೂಪಾಯಿಗೆ ಕೊಳ್ಳಿರೆಂದಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಅಂದು 9,500 ರೂಪಾಯಿಗೆ 100 ಷೇರು ಕೊಂಡು ಮಾರದೆ ಇಟ್ಟುಕೊಂಡವರ ಬಳಿ ಬೋನಸ್ ಮತ್ತು ವಿಭಜನೆಗಳ ನಂತರ 2018ರ ಹೊತ್ತಿಗೆ 1,02,400 ಷೇರುಗಳಾದವು. ಈ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೊಂದು: ಆಗ 9,500 ರೂಪಾಯಿಯೆಂದರೆ ಗುಮಾಸ್ತನ ಕೆಲವು ತಿಂಗಳ ಪಗಾರ, ಇಪ್ಪತ್ತೈದು ವರ್ಷ ಆ ಹಣವನ್ನು ಮುಟ್ಟದೆ ಇರಬೇಕೆಂದರೆ ಕಾಯಿಲೆ, ಫೀ, ಮದುವೆಗಳನ್ನು ನಿಭಾಯಿಸುವ ಇನ್ನೊಂದು ಆದಾಯ ಗಟ್ಟಿಯಾಗಿರಬೇಕು. ಹಾಗಾಗಿ ನನಗೆ ಇನ್ಫೋಸಿಸ್ಸಿನಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಪೇಟೆಯ ಗಳಿಕೆಯಲ್ಲ, 1994ರಿಂದ ಅದು ನೌಕರರಿಗೇ ಷೇರು ಹಂಚಿದ ಯೋಜನೆ. ದುಡಿದವನಿಗೆ ಪಗಾರದ ಜೊತೆ ಒಡೆತನದ ಪಾಲೂ ಸಲ್ಲಬೇಕೆಂಬುದನ್ನು ಆ ಕಂಪನಿ ಮಾಡಿ ತೋರಿಸಿತು. ಆ ಪಾಲು ಸಿಕ್ಕದ್ದು ಮಾತ್ರ ಆ ವರ್ಷಗಳಲ್ಲಿ ಅಲ್ಲಿದ್ದವರಿಗೆ. ಅದು ಮಾಲೀಕರ ತೀರ್ಮಾನವಾಗಿತ್ತು, ಕರಾರಾಗಿರಲಿಲ್ಲ. ಬೆಂಗಳೂರಿನ ಐಟಿ ನೌಕರರು ತಮ್ಮದೇ ಸಂಘ ಕಟ್ಟಿಕೊಳ್ಳಲು 2017 ಬರಬೇಕಾಯಿತು.

ಈಗಿನ ಮಕ್ಕಳು

2022ರ ಆಗಸ್ಟಿನಲ್ಲಿ ದೇಶದ ಡಿಮ್ಯಾಟ್ ಖಾತೆಗಳು 10 ಕೋಟಿ ದಾಟಿದವು. ಮಾಳಮಡ್ಡಿಯ ಖೋಲಿಗಳಲ್ಲಿ, ಸಪ್ತಾಪುರದ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗರ ಫೋನಿನಲ್ಲೂ ಆ ಖಾತೆಯಿದೆ. ಟ್ರಂಕಿನ ಬದಲು ಬ್ಯಾಗು, ವಾರಾನ್ನದ ಬದಲು ಮೆಸ್ಸು. ಊರಿನಲ್ಲಿ ಅಪ್ಪ ಹೊಲ ಮಾರಿಯೋ ಸಾಲ ಮಾಡಿಯೋ ತಿಂಗಳಾ ಹಣ ಕಳಿಸುತ್ತಾನೆ. ಅರ್ಜಿ ಕರೆಯುವುದು ತಡ, ಪರೀಕ್ಷೆ ತಡ, ಫಲಿತಾಂಶ ತಡ. ವಯಸ್ಸು ಮೀರುತ್ತಾ ಬರುತ್ತದೆ. ಕಾಯುವ ಈ ವರ್ಷಗಳಲ್ಲಿ ಫೋನು ಇನ್ನೊಂದು ದಾರಿ ತೋರಿಸುತ್ತದೆ: ಫ್ಯೂಚರ್ ಮತ್ತು ಆಪ್ಷನ್ ವಹಿವಾಟು. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಕಳೆದದ್ದು ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ. ಅದನ್ನು ಹೂಡಿಕೆಯೆಂದು ಕರೆಯುವವರ ಮಾತಿಗೆ ಮರುಳಾಗಬೇಡಿ ಎಂದು ಈ ಹುಡುಗರ ಕೈಹಿಡಿದು ಹೇಳಬೇಕೆನಿಸುತ್ತದೆ. ಗಟ್ಟಿ ಪಗಾರದ ಮೇಲೆ ನಿಂತು ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಕಟ್ಟಿ ಹದಿನೈದು ವರ್ಷ ಕಾಯುವುದು ಬೇರೆ. ಪಗಾರವೇ ಇಲ್ಲದವನು ಅಪ್ಪನ ಹೊಲದ ಹಣವನ್ನು ಒಂದು ಮಧ್ಯಾಹ್ನಕ್ಕೆ ಒಡ್ಡುವುದು ಬೇರೆ.

ನೌಕರಿ ಸಿಕ್ಕವರಿಗೂ ಹಳೆಯ ನೆಲ ಉಳಿದಿಲ್ಲ. ಕೇಂದ್ರದಲ್ಲಿ 2004ರ ಜನವರಿ 1ರ ನಂತರ, ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರದು ಹಳೆಯ ಪಿಂಚಣಿಯಲ್ಲ, ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಅವರ ಪಿಂಚಣಿಯ ಹಣದ ಒಂದು ಪಾಲು ಷೇರುಪೇಟೆಯಲ್ಲಿದೆ. ಪಿಂಚಣಿ ಭಿಕ್ಷೆಯಲ್ಲ, ದುಡಿಮೆಗೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ನಕಾರಾ ಪ್ರಕರಣದಲ್ಲಿ ಹೇಳಿತ್ತು. ನೌಕರ ಸಂಘಗಳು ಪಟ್ಟುಹಿಡಿದದ್ದರಿಂದಲೇ 2025ರ ಏಪ್ರಿಲಿನಿಂದ ಕೇಂದ್ರ ನೌಕರರಿಗೆ, 25 ವರ್ಷ ಸೇವೆ ಪೂರೈಸಿದವರಿಗೆ ಮೂಲ ವೇತನದ ಅರ್ಧದಷ್ಟನ್ನು ಖಚಿತಪಡಿಸುವ ಏಕೀಕೃತ ಯೋಜನೆ ಬಂದಿದೆ. ಹಳೆಯ ಪಿಂಚಣಿಗೆ ಅದು ಸಮನೆಂದು ಸಂಘಗಳು ಒಪ್ಪಿಲ್ಲ.

ಇನ್ನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಬಸ್ಸು ಹತ್ತುವ ಗುತ್ತಿಗೆ ಕಾರ್ಮಿಕರು. ಐಟಿಐ, ಡಿಪ್ಲೊಮಾ ಮುಗಿಸಿದವರು. ಓದಿದ್ದಾರೆ, ಡಿಮ್ಯಾಟ್ ಖಾತೆಯೂ ಇದೆ. ಇಲ್ಲದ್ದು ನಡುವಿನ ಮೆಟ್ಟಿಲು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುವವನಿಗೆ ಸಂಘ ಸೇರಲು ಅಂಜಿಕೆ, ಸೊಸಾಯಿಟಿಯಲ್ಲಿ ಸದಸ್ಯತ್ವವಿಲ್ಲ, ಬ್ಯಾಂಕಿನಲ್ಲಿ ಮನೆಸಾಲವಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲಬೇಕು. ಮೊದಲು ಐದು ವರ್ಷ ಬೇಕಿತ್ತು. ಆದರೆ ನೇಮಕ ಪತ್ರದಲ್ಲಿ ತನ್ನನ್ನು ಯಾವ ಹೆಸರಿನಲ್ಲಿ ಬರೆದಿದ್ದಾರೆ, ಪಗಾರ ಚೀಟಿ ಕೊಡುತ್ತಾರೋ ಇಲ್ಲವೋ, ಗುತ್ತಿಗೆದಾರ ಭವಿಷ್ಯನಿಧಿಯ ಕಂತನ್ನು ತಿಂಗಳಾ ತುಂಬಿದ್ದಾನೋ ಇಲ್ಲವೋ ಎಂಬುದನ್ನು ಅವನೇ ನೋಡಿಕೊಳ್ಳಬೇಕು. ಭವಿಷ್ಯನಿಧಿಯ ಪಾಸ್‌ಬುಕ್ಕು ಈಗ ಫೋನಿನಲ್ಲೇ ತೆರೆಯುತ್ತದೆ. ಕಂತು ತಪ್ಪಿದ್ದರೆ ದೂರು ಕೊಡಬೇಕಾದ ಪ್ರಾದೇಶಿಕ ಕಚೇರಿ ಹುಬ್ಬಳ್ಳಿಯ ನವನಗರದಲ್ಲಿದೆ. ಒಬ್ಬನ ಹೆಸರಿನಲ್ಲಿ ಹೋದ ದೂರಿಗೆ ಮುಂದಿನ ತಿಂಗಳು ಅವನ ಕರಾರೇ ಮುಗಿದುಹೋಗುವ ಭಯವಿರುತ್ತದೆ. ಒಂದು ಪಾಳಿಯ ಎಲ್ಲರೂ ಸಹಿ ಹಾಕಿದರೆ ಎಲ್ಲರನ್ನೂ ಬಿಡಿಸಿ ಹೊಸಬರಿಗೆ ಯಂತ್ರ ಕಲಿಸುವುದು ಯಾವ ಗುತ್ತಿಗೆದಾರನಿಗೂ ಸುಲಭವಲ್ಲ.